ಬೇವಿನ ಮೇಲಿನ ಅಮೃತಬಳ್ಳಿ

೬ ಜೂನ್ ೨೦೧೧, ಸೋಮವಾರ

ಬೇಗ ಹೋಗಿ ಲ್ಯಾಬ್ ತೆರೆದೆ. ರಾತ್ರಿ ಕರೆಂಟು ಹೋಗಿರಲಿಲ್ಲ – ಇನ್‌ಕ್ಯುಬೇಟರಿನ ದೀಪ ಉರಿಯುತ್ತಿತ್ತು. ಚಿಕ್ಕೋಡಿಯಲ್ಲಿ ಇದನ್ನೂ ಫಲಿತಾಂಶದ ಭಾಗವೆಂದೇ ಬರೆದುಕೊಳ್ಳಬೇಕು.

ನೀಲಮ ಪ್ಲೇಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ರಾಯಬಾಗ ಕಡೆಯ ಹುಡುಗಿ. ಎಂ.ಎಸ್ಸಿ. ಮುಗಿಸಿ ನನ್ನ ಪ್ರಾಜೆಕ್ಟಿಗೆ ಸಹಾಯಕಿಯಾಗಿದ್ದಾಳೆ. ಮಾತು ಕಡಿಮೆ. ಸ್ಕೇಲು ಇಟ್ಟು ಅಳೆದಳು, ಮತ್ತೆ ಅಳೆದಳು.

"ಸರ್, ನೀರಿನ ಎಕ್ಸ್‌ಟ್ರ್ಯಾಕ್ಟ್ ಮೆಥನಾಲ್‌ಕಿಂತ ದೊಡ್ಡ ಸರ್ಕಲ್ ಕೊಟ್ಟೈತ್ರಿ."

"ಅದಲಿಬದಲಿ ಆಗಿರಬೇಕ ನೋಡು."

"ಇಲ್ರಿ ಸರ್. ತಳದಾಗ ಹೆಸರ ನಾನ ಬರದೇನಿ."

ಅಮೃತಬಳ್ಳಿಯ ಎಲೆ. ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಯಲ್ಲಿ ಒಂದು ಸಣ್ಣ ಕುಳಿ, ಕುಳಿಯಲ್ಲಿ ಎಲೆಯ ಸಾರ. ಮರುದಿನ ನೋಡಿದರೆ ತಟ್ಟೆಯ ತುಂಬ ಮಂಜು ಕವಿದಂತೆ ಬೆಳೆದ ಜೀವ. ಕುಳಿಯ ಸುತ್ತ ಮಾತ್ರ ಖಾಲಿ. ಆ ಖಾಲಿಯ ಅಗಲವನ್ನು ಅಳೆದು ಬರೆಯುವುದು – ಇದಕ್ಕೆ ನಮಗೆ ಸಂಬಳ.

ಯಾವ ಪೇಪರು ತೆರೆದರೂ ಮೆಥನಾಲಿನ ಸಾರವೇ ಗೆಲ್ಲುತ್ತದೆ, ನೀರಿನದು ಸೋಲುತ್ತದೆ. ನನ್ನ ಬಳ್ಳಿ ಬೇರೆ ಹೇಳುತ್ತಿದೆ. ಸಂತೋಷಪಡಲು ಸ್ವಲ್ಪ ಹೊತ್ತು ಹಿಡಿಯಿತು. ನಲವತ್ತೆಂಟರ ವಯಸ್ಸಿಗೆ ಅದು ಒಗ್ಗದ ಬಟ್ಟೆಯ ಹಾಗೆ.

ಎಲೆ ತಂದದ್ದು ಮೇ ಕೊನೆಯಲ್ಲಿ, ಅಥಣಿ ಆಚೆ ಅಕ್ಕನ ದ್ರಾಕ್ಷಿ ತೋಟದಿಂದ. ಬದುವಿನ ಬೇವಿನ ಮರವನ್ನು ಬಳ್ಳಿ ಪೂರಾ ಹಬ್ಬಿಕೊಂಡಿದೆ. ಬೇವಿನ ಮೇಲಿನದೇ ಶ್ರೇಷ್ಠ ಎಂಬ ಮಾತಿದೆ. ಎಲೆಗಳ ಮೇಲೆ ಬೂದಿ ಬಣ್ಣದ ಧೂಳು ಇತ್ತು. ತೊಳೆದೆವು.

೧೨ ಜೂನ್, ಭಾನುವಾರ

ಅಕ್ಕನ ಮನೆಗೆ ಹೋಗಿ ಬಂದೆ. ಪ್ರಾಜೆಕ್ಟಿಗೆ ಬಳಸಿ ಉಳಿದ ಎಲೆಯ ಪುಡಿ ಒಂದು ಡಬ್ಬಿ ತುಂಬ ಒಯ್ದಿದ್ದೆ. ನೆರಳಲ್ಲಿ ಒಣಗಿಸಿದ್ದು. ಅವಳದೇ ತೋಟದ ಎಲೆ, ಅವಳಿಗೇ ವಾಪಸು.

ರಾಜಮತಿ ಅಕ್ಕನಿಗೆ ಶುಗರ್ ಬಂದು ವರ್ಷಗಳಾದವು. ಈಗ ಕಿಡ್ನಿಯ ಮಾತು ಶುರುವಾಗಿದೆ. ಕಳೆದ ವಾರದ ರಿಪೋರ್ಟು ಅಪಾಯದ ಗೆರೆಯ ಮೇಲೆ ನಿಂತಿದೆಯಂತೆ. ಸಿಕ್ಕಸಿಕ್ಕದ್ದು ತಿನ್ನಬೇಡಿ, ಕಂಡಕಂಡವರ ಔಷಧ ಬೇಡ – ಅಥಣಿಯ ಡಾಕ್ಟರು ಹೇಳಿದ್ದು. ನಾನು ಕಂಡಕಂಡವರಲ್ಲಿ ಬರುವುದಿಲ್ಲ ಎಂದುಕೊಂಡೆ.

ಅಕ್ಕ ಡಬ್ಬಿ ತೆರೆದು ಮೂಗಿಗೆ ಹಿಡಿದಳು.

"ತಮ್ಮಾ, ಇದನ್ನ ಎಮ್ಮಿ ಮುಂದ ಇಟ್ರ ಎಮ್ಮಿ ಒದೀತೈತಿ."

"ದಿನಾ ಮುಂಜಾನಿ ಒಂದ ಚಮಚಾ ನೀರಾಗ ಕುದಿಸಿ ಕುಡಿ. ಶುಗರ್ ಹತೋಟಿಗಿ ಬರ್ತೈತಿ."

"ನೀ ಕುಡದೀ ಏನು?"

"ನನಗ ಶುಗರ್ ಇಲ್ಲಲಾ."

"ಅದಕ್ಕ ಹೇಳಾಕ ಹಗುರ ಆಗೈತಿ ನಿನಗ."

ದಾಜಿ ಕಟ್ಟೆಯ ಮೇಲೆ ಕುಳಿತು ಪೈಪಿಗೆ ವಾಷರ್ ಹಾಕುತ್ತಿದ್ದರು. ಅಕ್ಕನ ಗಂಡ ಭಾವುಸಾಹೇಬರನ್ನು ನಾನು ಮೊದಲಿನಿಂದಲೂ ದಾಜಿ ಎನ್ನುವುದು. ತಲೆ ಎತ್ತದೆ ಹೇಳಿದರು: "ಕುಡಿ ಕುಡಿ. ತಮ್ಮ ಸಾಯಿನ್ಸ ಮಾಡಾಕತ್ತಾನ. ಇಲಿ ಸಿಗಲಿಲ್ಲ, ನಿನ್ನ ಹಿಡದಾನ."

ನಕ್ಕೆವು. ಅಕ್ಕ ನನ್ನೆದುರೇ ಒಂದು ಲೋಟ ಕುದಿಸಿ ಕುಡಿದಳು. ಮುಖ ಕಿವುಚಿದ್ದು ಕಂಡು ಒಳಗೊಳಗೆ ಹಿತವಾಯಿತು. ಔಷಧಿ ಕಹಿಯಿದ್ದರೆ ಕೊಟ್ಟವನಿಗೆ ನಂಬಿಕೆ ಹೆಚ್ಚು.

೨೦ ಜೂನ್

ಆಂಟಿಆಕ್ಸಿಡೆಂಟ್ ಪರೀಕ್ಷೆ. ನೇರಳೆ ದ್ರಾವಣಕ್ಕೆ ಎಲೆಯ ಸಾರ ಹಾಕಿದರೆ ಬಣ್ಣ ಇಳಿದು ಹಳದಿಯಾಗಬೇಕು. ಇಳಿಯಿತು, ನಿಧಾನವಾಗಿ. ಸಂಜೆ ಆಕಾಶ ಹೀಗೇ ಇಳಿಯುತ್ತದೆ ಎಂದು ಬರೆಯಹೊರಟೆ... ಬೇಡ. ಪೇಶಂಟಿನ ಜ್ವರ ಇಳಿದ ಹಾಗೆ ಎಂದರೆ ಸಾಕು.

ಕಾಂಬಳೆ ಬಂದು ಇಣುಕಿದರು. ಸಮಾಧಾನ ಕಾಂಬಳೆ, ಕೆಮಿಸ್ಟ್ರಿ ವಿಭಾಗ. ಸ್ಟಾಫ್ ರೂಮಿನಲ್ಲಿ ನಾನು ನಿಜವಾಗಿ ಮಾತಾಡುವುದು ಅವರೊಬ್ಬರೊಂದಿಗೆ.

"ಏನ್ರಿ ಸರ್, ಕಷಾಯದ ಅಂಗಡಿ ಜೋರ ನಡದೈತಿ?"

ನೀರಿನ ಸಾರದ ವಿಷಯ ಹೇಳಿದೆ. ಹುಬ್ಬು ಹಾರಿಸಿದರು. "ನಿಮ್ಮ ಬಳ್ಳಿ ಶಾಸ್ತ್ರಾ ಓದಿಲ್ಲ ಬಿಡ್ರಿ."

ಸೆಪ್ಟೆಂಬರಿನಲ್ಲಿ ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಸೆಮಿನಾರು ಇದೆ. ಸಾರಾಂಶ ಕಳಿಸಿದೆ. ಮೊದಲ ಸಾಲಿನಲ್ಲೇ ನೀರಿನ ಸಾರ.

೧೭ ಜುಲೈ, ಭಾನುವಾರ

ಮಳೆ ಬಂದೂ ಬಾರದ ಹಾಗೆ. ಚಾತುರ್ಮಾಸ ಶುರುವಾಗಿದೆ. ಅಡುಗೆಮನೆಯಿಂದ ಸೊಪ್ಪು ಮಾಯ. ಮನಿಷಾ ದೀಪಾವಳಿಯವರೆಗೆ ಹಸಿ ಎಲೆ ಮುಟ್ಟುವುದಿಲ್ಲ, ಮಳೆಗಾಲದ ಎಲೆಯಲ್ಲಿ ಕಣ್ಣಿಗೆ ಕಾಣದ ಜೀವ ಇರುತ್ತವೆ ಎಂದು. ಹೆಂಡತಿಯ ಈ ಲೆಕ್ಕಕ್ಕೆ ನಾನು ಎದುರಾಡುವುದಿಲ್ಲ. ಇರುತ್ತವೆ, ನಿಜವೇ. ನಾನು ಕಾಲೇಜಿನಲ್ಲಿ ಅವನ್ನೇ ಸಾಕುತ್ತೇನೆ, ಸಾಕಿದ ಮೇಲೆ ಕೊಲ್ಲುತ್ತೇನೆ. ಮನೆಗೆ ಬಂದು ಬೇಳೆ ಸಾರು ಉಣ್ಣುತ್ತೇನೆ. ಇಬ್ಬರೂ ಈ ಬಗ್ಗೆ ಮಾತಾಡುವುದಿಲ್ಲ. ಇಪ್ಪತ್ತು ವರ್ಷದ ಸಂಸಾರ ಮಾತಾಡದ ವಿಷಯಗಳ ಮೇಲೆ ಗಟ್ಟಿ ನಿಂತಿರುತ್ತದೆ.

ಅಕ್ಕನಿಗೆ ಫೋನು ಮಾಡಿದೆ. ಊರಿನ ಬಸದಿಯಲ್ಲಿ ಈ ಸಲ ಜೈನ ಮುನಿ ಮಹಾರಾಜರು ಚಾತುರ್ಮಾಸಕ್ಕೆ ನಿಂತಿದ್ದಾರಂತೆ. ದಿನಾ ಪ್ರವಚನ, ಹೆಂಗಸರೆಲ್ಲ ಅಲ್ಲೇ.

"ಪುಡಿ?"

"ನಿನ್ನ ಪುಡಿ ಚಿಂತಿ ಬಿಡೋ ಮಾರಾಯಾ. ನಾ ಆರಾಮ ಅದೇನಿ."

"ದಿನಾ ನಡದೈತಲಾ?"

"ಎಲ್ಲಾ ನಡದೈತಿ. ಮನಿಷಾ ಹೆಂಗದಾಳು?"

ಆರಾಮ ಇದ್ದಾಳೆ ಎಂದರೆ ಪುಡಿ ಹಿಡಿಸಿದೆ. ಒಬ್ಬಳೇ ರೋಗಿಯ ಮೇಲೆ ತೀರ್ಮಾನ ಮಾಡಬಾರದು ಎಂದು ಮೊದಲ ವರ್ಷದ ಹುಡುಗರಿಗೆ ಪಾಠ ಹೇಳುವವನು ನಾನು. ಮಾಡಿದೆ.

೨೨ ಆಗಸ್ಟ್, ಸೋಮವಾರ

ಒಂದೇ ಜಾಗದ ಎಲೆ ಸಾಲದು, ಇನ್ನೊಂದು ಕಡೆಯದೂ ಬೇಕು. ನೀಲಮ ತನ್ನೂರಿನಿಂದ ಅಮೃತಬಳ್ಳಿ ತಂದಿದ್ದಳು. ಹಿತ್ತಿಲ ಬೇಲಿಯ ಮೇಲಿನದು. ಅದೇ ವಿಧಾನ, ಅದೇ ಅಳತೆ.

ಇಂದು ನೋಡಿದರೆ ನೀರಿನ ಸಾರದ ಕುಳಿಯ ಸುತ್ತ ಏನೂ ಇಲ್ಲ. ಅಂದರೆ ಖಾಲಿ ಇಲ್ಲ – ಕುಳಿಯ ಅಂಚಿನವರೆಗೂ ಜೀವ ಬೆಳೆದು ನಿಂತಿದೆ. ಮೆಥನಾಲಿನದು ಉಗುರಿನಷ್ಟು ತೆಳು ಬಳೆ.

"ಏನ ಮಾಡೀ ನೀ?" ಎಂದೆ. ದನಿ ನನಗೇ ಒರಟಾಗಿ ಕೇಳಿಸಿತು.

"ಅದ ಮಾಡೇನ್ರಿ ಸರ್."

"ಮತ್ತ ಮಾಡು."

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹೋದಳು. ಬೆನ್ನು ನೆಟ್ಟಗೆ. ಬಾಗಿಲಾಚೆ ಒಮ್ಮೆ ನಿಂತು, ಮುಂದೆ ನಡೆದಳು.

೨೯ ಆಗಸ್ಟ್

ಮತ್ತೆ ಅದೇ. ಈ ಸಲ ಸಾರ ತೆಗೆದದ್ದು, ಕುಳಿ ಕೊರೆದದ್ದು, ತುಂಬಿದ್ದು ಎಲ್ಲ ನಾನೇ. ನೀಲಮ ಕೈಕಟ್ಟಿ ನೋಡುತ್ತ ನಿಂತಿದ್ದಳು. ರಾಯಬಾಗದ ಬಳ್ಳಿ ಏನನ್ನೂ ಕೊಲ್ಲುವುದಿಲ್ಲ. ಅಕ್ಕನ ಬಳ್ಳಿ ಕೊಲ್ಲುತ್ತದೆ. ಒಂದೇ ಜಾತಿ, ಒಂದೇ ಎಲೆ. ಮಣ್ಣಿನ ಗುಣವೋ, ಬೇವಿನ ಗುಣವೋ.

ಬೇವಿನ ಗುಣ ಎಂದು ಬರೆದು, ಹೊಡೆದು ಹಾಕಿದೆ. ಅದು ಜನರ ಮಾತು. ನನಗೆ ಬೇಕಾದಾಗ ಮಾತ್ರ ಜನರ ಮಾತು ನೆನಪಾಗುತ್ತದೆ.

೫ ಸೆಪ್ಟೆಂಬರ್, ಸೋಮವಾರ

ಶಿಕ್ಷಕರ ದಿನ. ಹಾರ, ಭಾಷಣ, ಪೇಡೆ. ಕಾರ್ಯಕ್ರಮ ಮುಗಿದ ಮೇಲೆ ಕಾಂಬಳೆಯವರ ಲ್ಯಾಬಿಗೆ ಹೋದೆ. ಒಂದು ವಾರದಿಂದ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಹೇಳಿದೆ: ನೀರಿನಲ್ಲಿ ಕರಗಿ ಕೊಲ್ಲುವಂಥದ್ದು ಎಲೆಯೊಳಗಿಲ್ಲದೆ ಎಲೆಯ ಮೇಲಿದ್ದರೆ?

"ಹಿಂಗ ಕೇಳ್ರಿ ಮತ್ತ," ಎಂದರು ಕಾಂಬಳೆ. ಹಾರ ಇನ್ನೂ ಕೊರಳಲ್ಲೇ ಇತ್ತು.

ಲ್ಯಾಬಿನಲ್ಲಿ ತೆಗೆದಿಟ್ಟಿದ್ದ ಅಕ್ಕನ ತೋಟದ ಎಲೆಪುಡಿಯನ್ನು ಸುಟ್ಟು ಬೂದಿ ಮಾಡಿದೆವು. ಬೂದಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಸೋಸಿ, ಅಮೋನಿಯಾ ಹನಿ ಹನಿ. ನೀಲಿ ಬಂತು. ಗಾಢ ನೀಲಿ. ಮಕ್ಕಳ ಪ್ರಾಕ್ಟಿಕಲ್ಲಿನಲ್ಲಿ ಬರುವಂಥದೇ, ಸಂಶಯಕ್ಕೆ ಎಡೆಯಿಲ್ಲದ್ದು. ತಾಮ್ರ. ರಾಯಬಾಗದ ಪುಡಿಗೂ ಅದೇ ಮಾಡಿದೆವು, ನೀರಿನ ಹಾಗೇ ಉಳಿಯಿತು.

"ಸರ್, ನಿಮ್ಮ ಬಳ್ಳಿಗಿ ಔಷಧ ಯಾರ ಹೊಡದಾರ್ರಿ?"

ಯಾರೂ ಬಳ್ಳಿಗೆ ಹೊಡೆದಿಲ್ಲ. ದ್ರಾಕ್ಷಿಗೆ ಹೊಡೆದದ್ದು. ಬೋರ್ಡೋ – ಮೋರಚೂದ, ಅಂದರೆ ತಾಮ್ರದ ಮೈಲುತುತ್ತ, ಮತ್ತು ಸುಣ್ಣ ಕಲಸಿದ ನೀಲಿ ನೀರು. ಚಾಟನಿ ಮಾಡಿ ಬಳ್ಳಿಯ ಕಡ್ಡಿ ಸವರಿದ ಮೇಲೆ ಒಂದು ಸಲ, ಬೂಷ್ಟು ಬರಬಾರದೆಂದು ಮತ್ತೆ ಮತ್ತೆ. ಟ್ರ್ಯಾಕ್ಟರಿನ ಬ್ಲೋವರ್ ಅದನ್ನು ಮಂಜಿನಂತೆ ಎಬ್ಬಿಸುತ್ತದೆ, ಗಾಳಿ ಬದುವಿನ ಬೇವಿಗೆ ಒಯ್ಯುತ್ತದೆ. ತೊಳೆದರೆ ಹೋಗದಂತೆ ಅದರಲ್ಲಿ ಅಂಟು ಬೆರೆಸುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ಕಂಡಿದ್ದೇನೆ. ಬಾಟನಿ ಓದಿದ್ದೇನೆ, ಸಸ್ಯರೋಗದ ಪಾಠ ಮಾಡುತ್ತೇನೆ. ಆ ಬೂದಿ ಬಣ್ಣವನ್ನು ಧೂಳು ಎಂದೆ.

ಮೊದಲು ನೆನಪಾದದ್ದು ಸೆಮಿನಾರು. ಆಮೇಲೆ ಅಕ್ಕ. ಈ ಕ್ರಮವನ್ನು ಇಲ್ಲಿ ಇದ್ದ ಹಾಗೇ ಬರೆದಿಡುತ್ತೇನೆ.

ಜೂನಿನಿಂದ ದಿನಾ ಒಂದು ಚಮಚ. ಗೆರೆಯ ಮೇಲೆ ನಿಂತ ಕಿಡ್ನಿ.

ಅದೇ ದಿನ, ಸಂಜೆ

ಅಕ್ಕನ ಮೊಬೈಲು ಮನೆಯಲ್ಲಿತ್ತು, ಎತ್ತಿದ್ದು ದಾಜಿ.

"ಬಸದಿಗಿ ಹೋಗ್ಯಾಳ. ಪರ್ವ ನಡದೈತಲಾ, ಹತ್ತ ದಿನಾ ಒಂದ ಹೊತ್ತಿನ ಊಟ. ಬ್ಯಾಡ ಅಂದ್ರ ಕೇಳಂಗಿಲ್ಲ. ನಿನ್ನಿಯಿಂದ ವಾಂತಿ ಬ್ಯಾರೆ."

"ವಾಂತಿ?"

"ಮುಂಜಾನೆದ್ದ ಕೂಡ್ಲೇ. ಆಸಿಡಿಟಿ ಅಂತಾಳ."

"ದಾಜಿ, ಆ ಪುಡಿ ಇನ್ನ ಕುಡೀಬ್ಯಾಡ ಅಂತ ಹೇಳ್ರಿ. ಇವತ್ತಿನಿಂದನ."

"ಯಾ ಪುಡಿ?"

ಹೇಳುವಷ್ಟರಲ್ಲಿ ರೇಂಜು ಹೋಯಿತು. ಮತ್ತೆ ಹತ್ತಲಿಲ್ಲ.

ಮನಿಷಾಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಒಂದು ಆಸೆ ಮೂಡಿತು – ಚಾತುರ್ಮಾಸ! ಎಲೆ ಬಿಟ್ಟಿರುತ್ತಾಳೆ ಅಕ್ಕ. ಜುಲೈನಿಂದ ಈಚೆ ಮುಟ್ಟಿರುವುದಿಲ್ಲ. ನಾನು ಇಷ್ಟು ವರ್ಷ ಬದಿಗೆ ಸರಿಸಿ ಬದುಕಿದ ನಿಯಮವೊಂದರ ಕಡೆಗೆ ಹೀಗೆ ಕೈಚಾಚುತ್ತೇನೆಂದು ಅಂದುಕೊಂಡಿರಲಿಲ್ಲ.

ಮನಿಷಾ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

"ಹಸಿ ಎಲಿ ಬಿಡ್ತೀವ್ರೀ. ಒಣಗಿದ್ದ ನಡೀತೈತಿ. ನೀವ ಒಣಗಿಸಿ ಪುಡಿ ಮಾಡಿ ಕೊಟ್ಟೀರಿ."

ಹೌದು. ನೆರಳಲ್ಲಿ, ಚೆನ್ನಾಗಿ ಒಣಗಿಸಿ. ಒಂದಿಷ್ಟೂ ಹಸಿ ಉಳಿಯದಂತೆ.

"ನಾಳೆ ಹೋಗ್ರಿ," ಎಂದಳು. ಬಯ್ಯಲಿಲ್ಲ. ಬೈದಿದ್ದರೆ ಮಾತಿಗೆ ಒಂದು ಆಸರೆ ಸಿಗುತ್ತಿತ್ತು.

೬ ಸೆಪ್ಟೆಂಬರ್, ಮಂಗಳವಾರ

ಬೆಳಗಿನ ಬಸ್ಸು. ಕೃಷ್ಣೆ ತುಂಬಿ ಕೆಂಪಾಗಿ ಹರಿಯುತ್ತಿದ್ದಳು. ಕಿಟಕಿ ಪಕ್ಕದ ಸೀಟು ಸಿಕ್ಕರೂ ಏನನ್ನೂ ನೋಡಲಿಲ್ಲ. ಕಾಗವಾಡದಲ್ಲಿ ಬಸ್ಸು ನಿಂತಾಗ ಒಬ್ಬ ಶೇಂಗಾ ಮಾರುತ್ತ ಬಂದ. ಕೊಂಡೆ, ಪೊಟ್ಟಣ ಬಿಚ್ಚಲಿಲ್ಲ. ಅಕ್ಕನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದೆ. 'ಸ್ವಲ್ಪ ತಾಮ್ರದ ಅಂಶ'... 'ಮುನ್ನೆಚ್ಚರಿಕೆಯಾಗಿ'... ಎಲ್ಲವೂ ಸೆಮಿನಾರಿನ ಭಾಷೆ. ತಪ್ಪು ಮಾಡಿದವನಿಗೆ ವ್ಯಾಕರಣ ಬಲು ಚೊಕ್ಕಟ ಬರುತ್ತದೆ.

ಅಕ್ಕ ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಇಳಿದಿತ್ತು. ನನ್ನ ನೋಡಿ ಎದ್ದಳು.

"ಏನಾತೋ? ಮಂಗಳವಾರ ಕಾಲೇಜ ಇಲ್ಲೇನು?"

ಜೋಡಿಸಿದ್ದೆಲ್ಲ ಹೋಯಿತು. "ಆ ಪುಡಿಯಾಗ ಮೋರಚೂದ ಐತಿ," ಎಂದೆ.

ದಾಜಿ ಒಳಗಿಂದ ಬಂದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ನಮ್ಮ ತ್ವಾಟದ ಬೋರ್ಡೋ ಬೇವಿನ ಗಿಡಕ್ಕ ಹಾರಿ ಬಳ್ಳಿ ಮ್ಯಾಲ ಕುಂತೈತಿ. ನಾ ಅದನ್ನ ಪುಡಿ ಮಾಡಿ ನಿನಗ ಕುಡಿಸೇನಿ. ಎಷ್ಟ ಕುಡದೀ? ಖರೇ ಹೇಳು. ಇವತ್ತ ಡಾಕ್ಟರ ಕಡೆ ಹೋಗೂಣು."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವಾಂತಿ ಬಂತೆಂದು ನಾನು ಧಾವಿಸಿದೆ. ನಗುತ್ತಿದ್ದಳು.

"ಕುಡದಿಲ್ಲೋ."

"ಏನು?"

"ಮೊದ್ಲ ನಾಕೈದ ದಿನಾ ಕುಡದೆ. ನಾಲಿಗಿ ಮರಗಟ್ಟಿ ಹೋತು. ಹೋಳಿಗಿ ತಿಂದ್ರೂ ಕಹಿ. ಆಮ್ಯಾಲ ಒಂದಿನಾ ಬಿಟ್ಟ ಒಂದಿನಾ. ಆಮ್ಯಾಲ ನೇಮ ತೊಗೊಂಡೆ."

"ಯಾ ನೇಮ?"

ಅವಳು ದಾಜಿಯ ಕಡೆ ನೋಡಿದಳು. ದಾಜಿಗೂ ಗೊತ್ತಿರಲಿಲ್ಲ, ಅವರೂ ಕಾಯುತ್ತಿದ್ದರು.

"ಚಾತುರ್ಮಾಸದ ಮೊದಲನೇ ದಿನಾ ಮಹಾರಾಜರು ಒಬ್ಬೊಬ್ಬರನ ಕೇಳಿದ್ರು, ದೀಪಾವಳಿತನಾ ಏನ ಬಿಡ್ತೀರಿ ಅಂತ. ಅಕ್ಕುತಾಯಿ ತುಪ್ಪಾ ಬಿಟ್ಲು. ಯಾರೋ ಬೆಲ್ಲಾ ಬಿಟ್ರು. ನನ್ನ ಪಾಳಿ ಬಂತು. ನಾ ಕಹಿ ಬಿಟ್ಟೆ."

ದಾಜಿ ತೊಡೆ ಬಡಿದು ನಕ್ಕರು. "ಕಹೀ! ಊರ ಮಂದಿ ತುಪ್ಪಾ ಬಿಟ್ರ ಇಕಿ ಹಾಗಲಕಾಯಿ ಬಿಟ್ಟಾಳ! ಸ್ವರ್ಗದ ಬಾಗಿಲಾಗೂ ಇಂಥಾದ್ದ ಏನರ ಮಾಡ್ತೀ ನೀ."

"ನೀವ ಸುಮ್ಮನಿರ್ರಿ. ಮಹಾರಾಜರೂ ಕೇಳಿದ್ರು, ಕಹಿ ಬಿಡೂದು ಯಾವ ತ್ಯಾಗ ತಾಯಿ ಅಂತ." ಅವಳ ದನಿ ಸಣ್ಣಗಾಯಿತು. "ನನ್ನ ತಮ್ಮ ಕೊಟ್ಟದ್ದರೀ ಸ್ವಾಮಿ, ಅದನ್ನ ಬಿಡೂದು ಬಾಳ ತ್ರಾಸ ಅಂದೆ. ಹಂಗಾರ ಬಿಡ್ರಿ ಅಂದ್ರು."

ಹೊರಗೆ ಎಮ್ಮೆ ಕೊರಳು ಅಲ್ಲಾಡಿಸಿತು.

"ಫೋನಿನ್ಯಾಗ ಎಲ್ಲಾ ನಡದೈತಿ ಅಂದೀ."

"ಎಲ್ಲಾ ನಡದೈತಿ ಅಂದೆ. ಪುಡಿ ನಡದೈತಿ ಅಂದೆನೇನು? ಪರ್ವದಾಗ ಸುಳ್ಳ ಹೇಳ್ತಾರೇನೋ?"

ಜುಲೈ ಪರ್ವವಲ್ಲ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ನಗು. ಬಹಳ ಹೊತ್ತು ನಿಲ್ಲಲಿಲ್ಲ. ನಗುವಿನ ಕೊನೆಗೆ ಕಣ್ಣು ಒರೆಸಿಕೊಂಡೆ. ಅಕ್ಕ ಅದನ್ನು ನೋಡಿ, ನೋಡದವಳ ಹಾಗೆ ಎದ್ದು ಹೋಗಿ ಡಬ್ಬಿ ತಂದಳು. ಮುಚ್ಚಳದ ಮೇಲೆ ಉಪ್ಪಿನಕಾಯಿ ಭರಣಿಯ ಎಣ್ಣೆಯ ಗುರುತು. ಹೆಚ್ಚುಕಡಿಮೆ ತುಂಬಿಯೇ ಇತ್ತು. ನಾನು ಕೊಟ್ಟದ್ದು ಅಷ್ಟು ಉಳಿದದ್ದು ಕಂಡು ಹಿಂದೆಂದೂ ಹೀಗೆ ಸುಖಪಟ್ಟಿರಲಿಲ್ಲ.

ಮಧ್ಯಾಹ್ನ ಮೂವರೂ ಅಥಣಿಗೆ ಹೋದೆವು. ಡಾಕ್ಟರು ವಾಂತಿಯ ಕಾರಣವನ್ನು ಒಂದೇ ಪ್ರಶ್ನೆಯಲ್ಲಿ ಹಿಡಿದರು. ಒಂದು ಹೊತ್ತಿನ ಊಟ, ಶುಗರಿನ ಮಾತ್ರೆ ಮಾತ್ರ ಮೊದಲಿನ ಹಾಗೇ ಬೆಳಿಗ್ಗೆ, ಖಾಲಿ ಹೊಟ್ಟೆಗೆ.

"ಉಪವಾಸ ಮಾಡೂರಿದ್ರ ನನಗ ಹೇಳಿ ಮಾಡ್ರಿ ತಾಯಿ. ದೇವರಿಗಿ ಹೇಳಿದ್ದ ನನಗ ಗೊತ್ತಾಗಂಗಿಲ್ಲ."

ಡಬ್ಬಿಯ ವಿಷಯವನ್ನೂ ಹೇಳಿದೆ. ಅವರು ಪೆನ್ನು ತೆಗೆದರು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು – ಕಿಡ್ನಿ, ಲಿವರ್ ಎರಡೂ. ರಿಪೋರ್ಟು ನಾಳೆ.

ಇಲ್ಲೇ ಉಳಿದಿದ್ದೇನೆ. ಅಕ್ಕ ಸೂರ್ಯ ಮುಳುಗುವ ಮೊದಲೇ ಉಣಬಡಿಸಿದಳು. ಕಾಗವಾಡದ ಶೇಂಗಾ ಪೊಟ್ಟಣ ದಾಜಿಗೆ ಸಿಕ್ಕಿತು, ಅವರೇ ಮುಗಿಸಿದರು.

೭ ಸೆಪ್ಟೆಂಬರ್

ರಿಪೋರ್ಟು ಬಂತು. ಲಿವರ್ ಸರಿ ಇದೆ. ಕಿಡ್ನಿಯ ಅಂಕಿ ಜೂನಿನಲ್ಲಿ ನಿಂತಲ್ಲೇ ನಿಂತಿದೆ. ಗೆರೆಯ ಮೇಲೇ, ಆದರೆ ದಾಟಿಲ್ಲ. ದಾಜಿ ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದರು, ಅಲ್ಲಿ ಕೆಟ್ಟದ್ದೇನಾದರೂ ಬರೆದಿದೆಯೇ ಎಂದು.

ವಾಪಸು ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಬಂದೆ. ಕಬ್ಬು, ಹೊಳೆ, ಮತ್ತೆ ಕಬ್ಬು. ಇಷ್ಟು ಹಸಿರಿತ್ತು ನಿನ್ನೆಯೂ.

ವಿಚಾರ ಮಾಡುತ್ತ ಕುಳಿತರೆ ಒಂದು ಮುಜುಗರ ಉಳಿಯುತ್ತದೆ. ನನ್ನ ವಿಧಾನ ಅವಳನ್ನು ಅಪಾಯಕ್ಕೆ ಒಡ್ಡಿತು, ಅವಳ ಉಪಾಯ ಕಾಪಾಡಿತು. ಧರ್ಮ ಕಾಪಾಡಿತು ಎನ್ನುವ ಹಾಗಿಲ್ಲ – ಧರ್ಮದ ಲೆಕ್ಕದಲ್ಲಿ ಒಣಪುಡಿ ನಡೆಯುತ್ತಿತ್ತು. ಕಾಪಾಡಿದ್ದು ಕಹಿ ಆಗದ ಒಬ್ಬ ಹೆಂಗಸು, ತಮ್ಮನ ಮನಸ್ಸು ನೋಯಿಸದೆ ತಪ್ಪಿಸಿಕೊಳ್ಳಲು ದೇವರನ್ನು ನಡುವೆ ನಿಲ್ಲಿಸಿಕೊಂಡದ್ದು. ಇದನ್ನು ಯಾವ ವಿಭಾಗದಲ್ಲಿ ಸೇರಿಸುವುದೋ ತಿಳಿಯದು. ತಿಳಿಯದಿದ್ದರೂ ನಿದ್ದೆ ಬರುವಂತಿದೆ.

೮ ಸೆಪ್ಟೆಂಬರ್

ನೀಲಮಗೆ ಹೇಳಿದೆ: "ನಿನ್ನ ಪ್ಲೇಟು ಸರಿ ಇದ್ದೂ. ನಂದ ತಪ್ಪಿತ್ತು."

"ಗೊತ್ತಿತ್ರಿ ಸರ್," ಎಂದಳು. ಆಮೇಲೆ ಗಾಬರಿಯಾಗಿ, "ಪ್ಲೇಟಿಂದ ಗೊತ್ತಿತ್ರಿ. ತಾಮ್ರದ್ದ ಗೊತ್ತಿರಲಿಲ್ರಿ."

"ಹಂಗಾರ ಅವತ್ತ ಯಾಕ ಹೇಳಲಿಲ್ಲ?"

"ನೀವ ಮತ್ತ ಮಾಡು ಅಂದ್ರಿ. ಮಾಡಿದ್ರ ನಿಮಗ ಗೊತ್ತಾಗ್ತೈತಿ ಅಂತ ಸುಮ್ನಾದೆ."

೨೪ ಸೆಪ್ಟೆಂಬರ್, ಶನಿವಾರ

ನಿಪ್ಪಾಣಿಯ ಸೆಮಿನಾರು. ಪೇಪರು ಹಿಂದಕ್ಕೆ ಪಡೆಯಲು ಹೊರಟಿದ್ದೆ. ಕಾಂಬಳೆ ಬಿಡಲಿಲ್ಲ. "ತಪ್ಪ ಓದ್ರಿ ಸರ್. ಸರಿ ಇದ್ದದ್ದ ಎಲ್ಲಾರೂ ಓದ್ತಾರ." ಶೀರ್ಷಿಕೆ ಬದಲಿಸಿ, ನೀಲಮಳ ಹೆಸರನ್ನು ನನ್ನ ಹೆಸರಿನ ಜೊತೆ ಹಾಕಿ ಓದಿದೆ. ಎಲೆ ಯಾವ ಗಿಡದ್ದು ಎನ್ನುವುದರಷ್ಟೇ, ಪಕ್ಕದ ಹೊಲದಲ್ಲಿ ಏನು ಹೊಡೆಯುತ್ತಾರೆ ಎನ್ನುವುದೂ ಮುಖ್ಯ. ಇಷ್ಟೇ ಸಾರ. ರಾಯಬಾಗದ ಎಲೆಯಲ್ಲಿ ಆಂಟಿಆಕ್ಸಿಡೆಂಟ್ ಗುಣ ಸಾಧಾರಣ ಮಟ್ಟಿಗೆ ಇದೆ, ಅದನ್ನೂ ಹೇಳಿದೆ. ಬ್ಯಾಕ್ಟೀರಿಯಾದ ವಿಷಯಕ್ಕೆ ನೀರಿನ ಸಾರ – ಇಲ್ಲ.

ಚಪ್ಪಾಳೆ ಮರ್ಯಾದೆಯಷ್ಟು. ಊಟದ ಸಾಲಿನಲ್ಲಿ ಒಬ್ಬ ಲೆಕ್ಚರರ್ ಹಿಂದಿನಿಂದ ಭುಜ ಮುಟ್ಟಿದ. ಮುಖ ಬೆಳ್ಳಗಾಗಿತ್ತು.

"ಸರ್, ನನ್ನ ತುಳಸಿ ತಂಬಾಕಿನ ಹೊಲದ ಬದುವಿಂದರಿ. ಮಧ್ಯಾಹ್ನ ನನ್ನ ಪೇಪರ ಐತಿ."

"ಏನ ಬಂದೈತಿ?"

"ಬಾಳ ಛಲೋ ಬಂದೈತ್ರಿ," ಎಂದ, ಸೂತಕದ ಸುದ್ದಿ ಹೇಳುವ ದನಿಯಲ್ಲಿ.

ಇಬ್ಬರೂ ತಾಟು ಹಿಡಿದು ನಿಂತು ನಕ್ಕೆವು. ಬಡಿಸುವವನು ಕಾಯ್ದ.

೨೮ ಅಕ್ಟೋಬರ್, ಶುಕ್ರವಾರ

ಭಾವುಬೀಜ, ಅಕ್ಕ ತಮ್ಮನಿಗೆ ಆರತಿ ಎತ್ತುವ ದಿನ. ಈ ಸಲ ಅಕ್ಕನೇ ಚಿಕ್ಕೋಡಿಗೆ ಬಂದಳು. ಚಾತುರ್ಮಾಸ ಮುಗಿದಿದೆ. ಮಾತ್ರೆಯ ಹೊತ್ತು ಬದಲಾದ ಮೇಲೆ ಮುಖಕ್ಕೆ ಕಳೆ ಬಂದಿದೆ. ಮಾಡಿಸಿದ ಹೊಸ ರಿಪೋರ್ಟನ್ನು ಕೇಳುವ ಮೊದಲೇ ಕೈಗಿತ್ತಳು, ಗೆರೆಯ ಈಚೆಗೆ ಒಂದಿಷ್ಟು ಸರಿದಿದೆ. ಆರತಿ ಮಾಡಿದಳು. ಮನಿಷಾ ಬೇಕೆಂದೇ ಹಾಗಲಕಾಯಿ ಪಲ್ಯ ಮಾಡಿದ್ದಳು. ಅಕ್ಕ ತಟ್ಟೆ ನೋಡಿ, "ಇನ್ನೊಂದ ವರ್ಷ ನೇಮ ಮುಂದುವರಸ್ತೇನಿ ನೋಡು," ಎಂದಳು.

ಊಟವಾದ ಮೇಲೆ ಲ್ಯಾಬ್ ತೋರಿಸು ಎಂದು ಹಟ ಹಿಡಿದಳು. ಇಷ್ಟು ವರ್ಷದಲ್ಲಿ ಕೇಳಿದ್ದು ಇದೇ ಮೊದಲು. ರಜೆ, ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬೇಡ, ಹಾಕಿಕೋ ಎಂದರೂ ಕೇಳಲಿಲ್ಲ.

ಮೊನ್ನೆಯ ತಟ್ಟೆ ತೋರಿಸಿದೆ. ರಾಯಬಾಗದ ಎಲೆ, ನೀರಿನ ಸಾರ. ಬೆಳಕಿಗೆ ಹಿಡಿದಳು, ಸೀರೆಯ ನೂಲು ನೋಡುವ ಹಾಗೆ.

"ಈ ಮಬ್ಬ ಏನು?"

"ಜೀವ. ಲಕ್ಷಗಟ್ಟಲೆ."

"ಈ ತೂತಿನಾಗ?"

"ಅಮೃತಬಳ್ಳಿ ಸಾರ."

"ಸಾರದ ಬಾಜೂಕನೂ ಬೆಳದಾವಲಾ."

"ಬೆಳದಾವು. ಎಲಿ ಅವಕ್ಕ ಏನೂ ಮಾಡಲಿಲ್ಲ."

"ಒಂದನೂ ಕೊಲ್ಲಲಿಲ್ಲ?"

"ಇಲ್ಲ."

ತಟ್ಟೆಯನ್ನು ಎರಡೂ ಕೈಯಲ್ಲಿ ಮೇಜಿನ ಮೇಲೆ ಇಟ್ಟಳು. "ಛಲೋ ಆತ ಬಿಡು," ಎಂದಳು.

ಎರಡು ವರ್ಷದ ಪ್ರಾಜೆಕ್ಟಿನ ಬಗ್ಗೆ ಯಾ‌ರೂ ಇಷ್ಟು ಮನಸಾರೆ ಹೇಳಿರಲಿಲ್ಲ. ಹಗುರವಾಯಿತು. ಹೌದು, ಛಲೋ ಆಯಿತು.

ಆಮೇಲೆ ಕೇಳಿದಳು: "ಇನ್ನ ಇವನ್ನ ಏನ ಮಾಡ್ತೀ?"

ಕೆಲಸ ಮುಗಿದ ತಟ್ಟೆಗಳನ್ನೆಲ್ಲ ಉಗಿಯಲ್ಲಿ ಬೇಯಿಸಿ ಕೊಲ್ಲುವ ಆಟೋಕ್ಲೇವ್, ದೊಡ್ಡ ಕುಕ್ಕರಿನ ಹಾಗೆ, ಅವಳ ಬೆನ್ನ ಹಿಂದೆಯೇ ಕುಳಿತಿತ್ತು. ಸೋಮವಾರ ನೀಲಮ ಅದನ್ನು ಹಚ್ಚುತ್ತಾಳೆ. ನಾನು ಗಡಿಯಾರ ನೋಡಿದೆ. ನಡಿ ಅಕ್ಕ, ಹೊತ್ತು ಮುಳುಗುವುದರೊಳಗೆ ನಿನ್ನ ಊಟ ಆಗಬೇಕು ಎಂದೆ. ನಮ್ಮ ಮನೆತನದ ಆ ನಿಯಮ ನನ್ನ ಬಾಯಿಂದ ಬಂದದ್ದಕ್ಕೆ ಅವಳು ಬೆರಗಾಗಿ ನೋಡಿದಳು, ತಟ್ಟೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ. ಗೊತ್ತಾಗಿರಬೇಕು. ಚಪ್ಪಲಿ ಮೆಟ್ಟುತ್ತ ಅವಳು ಹೇಳಿದ್ದು ಇಷ್ಟೇ: "ಮುಂದಿನ ಚಾತುರ್ಮಾಸಕ್ಕ ನೀನೂ ಏನರ ಒಂದ ಬಿಡು, ತಮ್ಮಾ."